ಅಲಸಂಡೆ ಬೀಜಕ್ಕೂ ಎಕ್ಸ್-ರೇ!

ಬಿತ್ತಿ ಹತ್ತು ದಿನ ಆಗಿತ್ತು. ಮುಕ್ತಕ್ಕನ ತಾರಸಿಯಲ್ಲಿ ಇಪ್ಪತ್ತು ಗ್ರೋ ಬ್ಯಾಗ್ ಇಟ್ಟಿದ್ದರು. ಅಲಸಂಡೆ ಮೊಳಕೆ ಬಂದದ್ದು ಎಂಟರಲ್ಲಿ ಮಾತ್ರ.

ಬೀಜ ಕೊಟ್ಟವರು ಪಕ್ಕದ ಮನೆಯ ರೊಸಾಲಿನ್‌ಬಾಯಿ. ಅವರ ತಾಯಿ ಬಿಕರ್ನಕಟ್ಟೆಯಲ್ಲಿ ಬೆಳೆಸುತ್ತಿದ್ದ ಉದ್ದದ ಅಲಸಂಡೆ ಅದು, ತುದಿ ಕೆಂಪು. ಅಂಗಡಿಯಲ್ಲಿ ಸಿಗುವುದಿಲ್ಲ. ಈಗ ಉಳಿದದ್ದು ರೊಸಾಲಿನ್‌ಬಾಯಿಯ ಒಂದು ಭರಣಿಯಲ್ಲಿ ಮಾತ್ರ.

"ಬಾಯಿ, ನಿಮ್ಮ ಬೀಜ ಹುಟ್ಟಲೇ ಇಲ್ಲ," ಎಂದರು ಮುಕ್ತಕ್ಕ, ಕಾಂಪೌಂಡ್ ಗೋಡೆಯ ಹತ್ತಿರ ನಿಂತು.

"ಬೀಜಕ್ಕೆ ಎಂತ ಆಗಿದೆ? ಮೂವತ್ತು ವರ್ಷದಿಂದ ಬೀಜ ತೆಗೆದಿಡುವವಳು ನಾನು. ನಿಮ್ಮ ಕೈಗುಣ ಸರಿ ಇಲ್ಲ, ಅಷ್ಟೆ."

ಮುಕ್ತಕ್ಕ ಸೀದಾ ಒಳಗೆ ಹೋದರು. ದೇವಸ್ಥಾನದ ಪೂಜೆಗೆ ಬೇಕಾದ ಹೂವನ್ನೆಲ್ಲ ಸ್ವಂತ ಕೈಯಲ್ಲಿ ಬೆಳೆಸುವ ಹೆಂಗಸು. ಆ ಮಾತು ಚುಚ್ಚಿತು. ಮರುದಿನ ಮಹಿಳಾ ಸಂಘದ ಸಭೆಗೂ ಬರಲಿಲ್ಲ.

ಅದೇ ಸಭೆಯಲ್ಲಿ ಒಂದು ತೀರ್ಮಾನ ಆಯ್ತು. ಬರುವ ಆದಿತ್ಯವಾರ ಇದೇ ಬೀಜವನ್ನು ಕಾವೂರಿನ ಇಪ್ಪತ್ತೆರಡು ಮನೆಗೆ ಹಂಚುವುದು! ಸಂಘದ ಸದಸ್ಯೆ ಹನಾನ್ ಕಾಲೇಜೊಂದರ ಬೀಜ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅವಳು ಬಾಯಿ ತಂದ ಭರಣಿಯಿಂದ ಒಂದು ಹಿಡಿ ಬೀಜ ಅಂಗೈಗೆ ಹಾಕಿ ನೋಡಿದಳು.

"ಬಾಯಿ, ಈ ಬಿಳಿ ಚುಕ್ಕೆ ಎಂತದು?"

"ಧೂಳು."

"ಧೂಳಲ್ಲ. ಕಾಳು ಕೊರೆಯುವ ಹುಳದ ಮೊಟ್ಟೆ ಇರಬೇಕು. ಮರಿ ಸೀದಾ ಬೀಜದ ಒಳಗೆ ಹೋಗ್ತದೆ. ಹೊರಗಿನಿಂದ ನಮಗೆ ಗೊತ್ತೇ ಆಗುವುದಿಲ್ಲ. ನಾಳೆ ಲ್ಯಾಬಿಗೆ ಬನ್ನಿ, ಎಕ್ಸ್-ರೇ ತೆಗೆದು ನೋಡುವ."

"ಬೀಜಕ್ಕೆ ಎಕ್ಸ್-ರೇಯಾ? ಅದರ ಕೈಕಾಲು ಮುರಿದಿದೆಯಾ ಮಾರಾಯ್ತಿ?"

ಎಲ್ಲರೂ ನಕ್ಕರು. ಹನಾನ್ ಕೂಡ ನಕ್ಕಳು, ಆದರೆ ಬಿಡಲಿಲ್ಲ. ಮನೆಗೇ ಹೋಗಿ ಮುಕ್ತಕ್ಕನನ್ನೂ ಒತ್ತಾಯ ಮಾಡಿ ಹೊರಡಿಸಿದಳು. ಮರುದಿನ ರಿಕ್ಷಾದಲ್ಲಿ ಬಾಯಿ, ಮುಕ್ತಕ್ಕ ಇಬ್ಬರೂ ಪಕ್ಕಪಕ್ಕ ಕೂತರು. ಒಬ್ಬರು ಎಡಕ್ಕೆ ನೋಡಿದರೆ ಇನ್ನೊಬ್ಬರು ಬಲಕ್ಕೆ.

ಲ್ಯಾಬಿನ ಯಂತ್ರ ಮೈಕ್ರೋವೇವ್‌ಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆ. ನೂರು ಚಂದದ ಬೀಜಗಳನ್ನು ಬಾಯಿಯೇ ಆರಿಸಿಕೊಟ್ಟರು. ಒಂದಕ್ಕೂ ತೂತಿಲ್ಲ. ಹನಾನ್ ಅವನ್ನು ನಂಬರ್ ಹಾಕಿದ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದಳು.

"ಕಿರಣ ಬಿದ್ದರೆ ಬೀಜ ಸಾಯುವುದಿಲ್ಲವಾ?" ಬಾಯಿಗೆ ಹೆದರಿಕೆ.

"ಇಲ್ಲ ಬಾಯಿ. ತುಂಬಾ ಕಡಿಮೆ ಶಕ್ತಿಯ ಕಿರಣ, ಸ್ವಲ್ಪ ಹೊತ್ತು ಮಾತ್ರ. ಚಿತ್ರ ತೆಗೆದ ಬೀಜವನ್ನೇ ಬಿತ್ತಬಹುದು."

ಬಾಗಿಲು ಮುಚ್ಚಿತು. ಪರದೆಯ ಮೇಲೆ ಚಿತ್ರ ಬಂತು. ಕೆಲವು ಬೀಜ ತುಂಬಿಕೊಂಡು ಬೆಳ್ಳಗೆ ಕಂಡವು. ಕೆಲವುಗಳ ನಡುವೆ ಕಪ್ಪು ಗುಂಡಿ. ಗುಂಡಿಯೊಳಗೆ ಬಾಗಿ ಮಲಗಿದ ಸಣ್ಣ ಹುಳ!

"ಕಂಪ್ಯೂಟರಿನಲ್ಲಿ ಎಂತ ಬೇಕಾದರೂ ತೋರಿಸಬಹುದು," ಎಂದರು ಬಾಯಿ.

"ಹಾಗಾದರೆ ನೀವೇ ಒಂದು ನಂಬರ್ ಹೇಳಿ."

"ನಲವತ್ತೇಳು!"

"ಅದರಲ್ಲಿ ಹುಳ ಉಂಟು," ಎಂದು ಹನಾನ್ ಬ್ಲೇಡ್ ಕೊಟ್ಟಳು.

ಬೀಜ ಹೊರಗಿನಿಂದ ನುಣ್ಣಗಿತ್ತು. ಬಾಯಿ ಅದನ್ನು ಮೆಲ್ಲ ಸೀಳಿದರು. ಒಳಗೆ ಬಿಳಿ ಹುಳ ಮಿಸುಕಿತು!

"ತೂಲೆ, ತೂಲೆ! ನೋಡಿ ಬಾಯಿ, ಜೀವ ಉಂಟು ಅದಕ್ಕೆ!" ಮುಕ್ತಕ್ಕ ಸಿಟ್ಟು ಮರೆತು ಬಾಯಿಯ ತೋಳು ಹಿಡಿದರು.

ಈಗ ಬಾಯಿಗೂ ಉಮೇದು ಬಂತು. "ಹನ್ನೆರಡು?"

"ಗಟ್ಟಿ."

ಸೀಳಿದರು. ಗಟ್ಟಿಯೇ!

"ಎಪ್ಪತ್ತೊಂದು?"

"ಟೊಳ್ಳು."

ಟೊಳ್ಳೇ! ಆರು ಬೀಜ ಸೀಳಿದರು, ಆರೂ ಹನಾನ್ ಹೇಳಿದ ಹಾಗೆಯೇ. ನೂರರಲ್ಲಿ ಐವತ್ತಾರನ್ನು ಹುಳ ಹಿಡಿದಿತ್ತು.

ಬಾಯಿ ಬ್ಲೇಡ್ ಕೆಳಗಿಟ್ಟರು. "ಮುಕ್ತಕ್ಕಾ, ಟೊಳ್ಳು ಬೀಜ ಕೊಟ್ಟವಳು ನಾನು. ಮೇಲಿಂದ ನಿಮ್ಮನ್ನೇ ದೂರಿದೆ. ತಪ್ಪಾಯ್ತು."

ಮುಕ್ತಕ್ಕನ ಕಣ್ಣು ತುಂಬಿತು. "ನಿಮಗೂ ಗೊತ್ತಿರಲಿಲ್ಲ ಅಲ್ವಾ. ಉಳಿದದ್ದನ್ನು ಉಳಿಸುವ, ಬನ್ನಿ."

ಸಂಜೆಯವರೆಗೆ ತಟ್ಟೆಯ ಮೇಲೆ ತಟ್ಟೆ ಇಟ್ಟು ಇಡೀ ಭರಣಿಯನ್ನೇ ನೋಡಿದರು. ಮುನ್ನೂರಕ್ಕೂ ಹೆಚ್ಚು ಗಟ್ಟಿ ಬೀಜ ಸಿಕ್ಕಿತು! ಹುಳ ಹಿಡಿದದ್ದನ್ನು ಕುದಿಯುವ ನೀರಿಗೆ ಹಾಕಿದರು. ನಲವತ್ತು ಬೀಜ ಮುಕ್ತಕ್ಕ ಬಿತ್ತಲು ಒಯ್ದರು.

"ಹೊಸ ಮೊಟ್ಟೆ ಚಿತ್ರದಲ್ಲಿ ಕಾಣದೆ ಇರಬಹುದು," ಎಂದಳು ಹನಾನ್. "ಉಳಿದ ಬೀಜ ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ ತಂಪು ಬಿಟ್ಟ ನಂತರವೇ ಮುಚ್ಚಳ ತೆರೆಯಿರಿ."

ಹಂಚುವ ಕೆಲಸ ಒಂದು ವಾರ ಮುಂದೆ ಹೋಯಿತು. ಬಾಯಿಯ ಗಂಡ ಮೊರಿಸ್ ಫ್ರೀಜರ್ ತೆರೆದು, ಬೀಜದ ಡಬ್ಬಿ ಕಂಡು, "ಬಂಗುಡೆ ಮೀನು ಎಲ್ಲಿ ಇಡುವುದು?" ಎಂದು ಕೇಳಿದರು.

"ಈ ವಾರ ಹೊಟ್ಟೆಯಲ್ಲಿಡಿ!"

ಆರನೆಯ ದಿನ ಬೆಳಿಗ್ಗೆ ತಾರಸಿಯಿಂದ ಕೂಗು ಬಂತು. "ಬಾಯಿ! ಬೇಗ ಬನ್ನಿ!"

ಬಾಯಿ ನೈಟಿಯಲ್ಲೇ ಮೆಟ್ಟಿಲು ಹತ್ತಿ ಓಡಿದರು. ನಲವತ್ತರಲ್ಲಿ ಮೂವತ್ತೇಳು ಮೊಳಕೆ! ಇಬ್ಬರೂ ಎರಡೆರಡು ಸಲ ಎಣಿಸಿದರು.

ಆದಿತ್ಯವಾರ ಸಂಘದಲ್ಲಿ ಎಕ್ಸ್-ರೇ ಚಿತ್ರ ಎತ್ತಿ ಹಿಡಿದು ಎಲ್ಲರಿಗೂ ವಿವರಿಸಿದವರು ಯಾರು ಅಂದುಕೊಂಡಿರಿ? ರೊಸಾಲಿನ್‌ಬಾಯಿಯೇ! ಇಪ್ಪತ್ತೆರಡು ಮನೆಗೂ ಬೀಜ ಹೋಯಿತು.

ಓದುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಬೀಜದ ಡಬ್ಬಿ ಉಂಟಲ್ಲ? ಒಮ್ಮೆ ತೆರೆಯಿರಿ. ಬಿಳಿ ಚುಕ್ಕೆ, ತೂತು, ಹುಡಿ ಉಂಟಾ ನೋಡಿ. ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ, ಎಷ್ಟು ಮೊಳೆಯುತ್ತದೆ ಎಣಿಸಿ. ಅಪರೂಪದ ತಳಿಯಾದರೆ ಹತ್ತಿರದ ಕೃಷಿ ಕೇಂದ್ರದಲ್ಲಿ ವಿಚಾರಿಸಿ, ಎಕ್ಸ್-ರೇ ಸೌಲಭ್ಯ ಎಲ್ಲಿ ಉಂಟೆಂದು ಕೇಳಿ. ನಾಳೆಗೆ ಮಾತ್ರ ಬಿಡಬೇಡಿ. ಹುಳ ನಾಳೆಯವರೆಗೆ ಕಾಯುವುದಿಲ್ಲ!