ಕಪ್ಪು ಇಳಿಯುವ ಬೇಲಿ

ನಾನು ಒಂದು ಮರದ ಬೇಲಿಯಾಗಿದ್ದೆ. ಹಾಗಂತ ಬೇಲಿಯಾಗಲಿ ಎಂದು ನನ್ನನ್ನು ಯಾರೂ ಮಾಡಿದ್ದಲ್ಲ. ಬಸ್ತ್ಯಾಂವ ಎಂಬ ಮೀನುಗಾರನ ಶವಪೆಟ್ಟಿಗೆಯಾಗಲಿ ಎಂದು ಮಾಡಿದ್ದು. ಅವನು ಮಲಗಲು ಬರಲೇ ಇಲ್ಲ.

ಅದಕ್ಕೂ ಮೊದಲು ನಾನು ಕುಂದಾಪುರದ ಕಡೆಯ ಒಂದು ಕೆಂಪುಕಲ್ಲಿನ ಗುಡ್ಡದಲ್ಲಿ ಅಕೇಶಿಯಾ ಮರವಾಗಿದ್ದೆ. ತೇಗ, ಹಲಸುಗಳಿಗಿರುವ ಮರ್ಯಾದೆ ನಮಗಿಲ್ಲ. ಗುಡ್ಡ ಬೋಳಾಗಿ ಕಾಣದಿರಲಿ ಎಂದು ನೆಡುತ್ತಾರೆ, ಬೇಕಾದಾಗ ಸೌದೆಗೆ ಕಡಿಯುತ್ತಾರೆ. ನನ್ನ ಅದೃಷ್ಟವೋ ದುರದೃಷ್ಟವೋ, ಬಡಗಿ ಶೀನಾಚಾರ್ರು ನನ್ನನ್ನು ಹಲಗೆಯಾಗಿ ಸೀಳಿಸಿ ತಮ್ಮ ಕೊಟ್ಟಿಗೆಯಲ್ಲಿ ಒಣಗಲು ಇಟ್ಟಿದ್ದರು.

ಆಗ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಸ್ತ್ಯಾಂವನ ದೋಣಿ ಮಗುಚಿತು. ಕೆಲವು ದಿನಗಳ ಮೇಲೆ ಉತ್ತರದ ಕಡಲತಡಿಯಲ್ಲಿ ಒಂದು ಹೆಣ ಸಿಕ್ಕಿದೆ, ಅದೇ ನೀಲಿ ಅಂಗಿ, ತರುತ್ತಿದ್ದಾರೆ ಎಂದು ಸುದ್ದಿ ಬಂತು. ಅಳತೆ ಕೇಳಲು ಆಚಾರ್ರಿಗೆ ಮನಸ್ಸಾಗಲಿಲ್ಲ. ತನ್ನ ಮನೆಯ ಬಾಗಿಲಲ್ಲಿ ಬಸ್ತ್ಯಾಂವ ಎಷ್ಟು ಬಗ್ಗಿ ಒಳಗೆ ಬರುತ್ತಿದ್ದ ಎಂದು ನೆನಪು ಮಾಡಿಕೊಂಡು, ಆ ಎತ್ತರಕ್ಕೆ, ಅವನ ಹೆಗಲಿನ ಅಗಲಕ್ಕೆ ನನ್ನನ್ನು ಕೊಯ್ದರು. ಹೇಗೂ ಮಣ್ಣಿಗೆ ಹೋಗುವ ಪೆಟ್ಟಿಗೆಯೆಂದು ಸಾದಾ ಕಬ್ಬಿಣದ ಮೊಳೆ ಹೊಡೆದರು.

ಬಂದ ಹೆಣ ಬೇರೆಯವನದಾಗಿತ್ತು. ಅವನ ಮನೆಯವರು ಬಂದು ತಮ್ಮ ಚಾಪೆಯಲ್ಲಿ ಸುತ್ತಿಕೊಂಡು ಹೋದರು. ನಾನು ಬಸ್ತ್ಯಾಂವನ ಮನೆಯ ಜಗಲಿಯ ಮೇಲೆ ಮುಚ್ಚಳ ತೆರೆದುಕೊಂಡು ಹಾಗೇ ಉಳಿದೆ. ಖಾಲಿ ಶವಪೆಟ್ಟಿಗೆ ಕಂಡರೆ ನಾಯಿಯೂ ಹತ್ತಿರ ಸುಳಿಯುವುದಿಲ್ಲ, ನನಗೆ ಅಂದೇ ಗೊತ್ತಾಯಿತು.

ಆ ಮನೆಯಲ್ಲಿ ಇಬ್ಬರು ಹೆಂಗಸರು. ಬಸ್ತ್ಯಾಂವನ ತಾಯಿ ಸೆವ್ರಿನ್‌ಬಾಯಿ, ಹೆಂಡತಿ ಎಮ್ಮಿ. ಪೆಟ್ಟಿಗೆ ಕಣ್ಣೆದುರು ಇರಬಾರದು, ಸುಟ್ಟುಬಿಡಿ ಎಂದಳು ಎಮ್ಮಿ. ಅದು ಮಗನದ್ದು, ಬೆಂಕಿ ತಾಗಿಸಿದರೆ ನೋಡಿ ಎಂದಳು ಮುದುಕಿ. ಆಚಾರ್ರು ತಲೆ ತುರಿಸಿಕೊಂಡು ನನ್ನನ್ನು ಬಿಚ್ಚಿದರು. ಹಿತ್ತಿಲಲ್ಲಿ ಕಡಲ ಕಡೆಗೆ ಗೋಡೆ ಬಿದ್ದ ಜಾಗಕ್ಕೆ ಹಲಗೆಗಳನ್ನು ಅಡ್ಡಡ್ಡ ನಿಲ್ಲಿಸಿ, ಅವೇ ಮೊಳೆಗಳನ್ನು ನೆಟ್ಟಗೆ ಮಾಡಿ ಹೊಡೆದರು. ಶವಪೆಟ್ಟಿಗೆಯ ಮೊಳೆ ಬೇರೆ ಯಾರ ಮನೆಗೆ ಆದೀತು?

ಬೇಲಿಯಾದ ಮೇಲೆ ನಾನು ಚೆಲುವಾಗಿಯೇ ಇದ್ದೆ. ಹೊಸ ಹಲಗೆಯ ಜೇನುಬಣ್ಣಕ್ಕೆ ಬಿಸಿಲು ಬಿದ್ದಾಗ ನನಗೇ ಹೆಮ್ಮೆ. ಮೊದಲ ಮಳೆಗೆ ಅದು ಮುಗಿಯಿತು. ಒಂದೊಂದು ಮೊಳೆಯ ಬುಡದಿಂದಲೂ ಕಪ್ಪು ಗೆರೆ ಹೊರಟು ಕೆಳಗೆ ಇಳಿಯಿತು. ಥೇಟ್ ಕಾಡಿಗೆ ಹಚ್ಚಿದ ಕಣ್ಣು ಅತ್ತ ಹಾಗೆ.

ಸೆವ್ರಿನ್‌ಬಾಯಿ ಅದನ್ನು ನೋಡಿ ಸೊಸೆಯನ್ನು ಕೂಗಿ ಕರೆದಳು. "ಕಾಣ್ ಹೆಣ್ಣೆ, ನನ್ ಮಗ ಅಳ್ತಾ ಇದ್ದ! ಸತ್ತವ್ರ್ ಅಳ್ತ್ರಾ?"

ಎಮ್ಮಿಗೆ ಬೇಕಾಗಿದ್ದುದು ಒಂದೇ. ಗಂಡನ ಹೆಸರಲ್ಲಿ ಇಗರ್ಜಿಯಲ್ಲಿ ಪಾದ್ರಿಗಳಿಂದ ಒಂದು ಪೂಜೆ ಆಗಬೇಕು, ಅವನಿಗೆ ನೆಮ್ಮದಿ ಸಿಗಬೇಕು. ಪೂಜೆಯಾದರೆ ತಾನೂ ಒಮ್ಮೆ ಬಾಯಿಬಿಟ್ಟು ಅಳಬಹುದಿತ್ತು. ಆದರೆ ಆ ಮಾತು ಎತ್ತಿದಾಗಲೆಲ್ಲ ಮುದುಕಿ ನನ್ನನ್ನು ತೋರಿಸುತ್ತಿದ್ದಳು. "ಹೆಣ ಕಾಣ್ದೆ ಎಂತ ಪೂಜೆ?" ಎನ್ನುತ್ತಿದ್ದಳು. ಅವನು ಸತ್ತಿಲ್ಲವೆಂದು ನನ್ನ ಕಲೆಯೇ ಆ ಮನೆಯಲ್ಲಿ ಸಾಕ್ಷಿ ನುಡಿಯುತ್ತಿತ್ತು. ಅದು ನಾನು ಕರೆದ ಸಾಕ್ಷಿಯಲ್ಲ, ಆದರೂ ಎಮ್ಮಿಯ ಮುಖ ನೋಡಿ ನಾಚಿಕೆಯಾಗುತ್ತಿತ್ತು.

ಅವಳು ಆಚಾರ್ರನ್ನು ಕೇಳಿದಳು. "ಕಣ್ಣೀರೂ ಅಲ್ಲ, ಎಂತದೂ ಅಲ್ಲ ಮಾರಾಯ್ತಿ," ಎಂದರು ಅವರು. "ಈ ಮರಕ್ಕೂ ಕಬ್ಬಿಣಕ್ಕೂ ಆಪುದಿಲ್ಲೆ. ಬಿಂಬುಳಿ ಹಾಕಿ ತಿಕ್ಕ್, ಹೋತ್ತ್."

ಹಿತ್ತಿಲಲ್ಲೇ ಬಿಂಬುಳಿ ಮರವಿತ್ತು. ಆ ಹುಳಿಕಾಯಿಯನ್ನು ಜಜ್ಜಿ ಅವಳು ನನ್ನನ್ನು ತಿಕ್ಕಿದಳು. ಕಪ್ಪು ಕರಗಿ ಕಾಲ ಬುಡದಲ್ಲಿ ಹರಿಯಿತು, ಜೇನುಬಣ್ಣ ಮರಳಿತು. ಮುಂದಿನ ಮಳೆಗೆ ಮತ್ತೆ ಗೆರೆ. ಮತ್ತೆ ತಿಕ್ಕಿದಳು. ಮತ್ತೆ ಗೆರೆ.

ಆಚಾರ್ರು ಹೇಳಿದ್ದು ಸರಿ. ಆದರೆ ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಾನು ಹೇಳಲೇಬೇಕು. ಪಡುಗಾಳಿ ಬೀಸುವ ಸಂಜೆಗಳಲ್ಲಿ ಕಡಲ ಕಡೆಯಿಂದ ಯಾರೋ ಬಂದು ನನಗೆ ಬೆನ್ನು ಒರಗಿಸಿ ನಿಲ್ಲುತ್ತಿದ್ದರು. ಭಾರವಿಲ್ಲ, ಉಸಿರಿಲ್ಲ, ಹೆಗಲಿನ ಅಗಲ ಮಾತ್ರ. ಆ ಅಗಲ ಯಾರದೆಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನನ್ನು ಕೊಯ್ದದ್ದೇ ಆ ಅಳತೆಗೆ.

ಕೊನೆಗೆ ಎಮ್ಮಿ ಸಿಟ್ಟಿನಿಂದ ಗೇರೆಣ್ಣೆ ತಂದಳು. ದೋಣಿಗೆ ಬಳಿಯುವ, ಕೈಗೆ ತಾಗಿದರೆ ಚರ್ಮ ಸುಲಿಯುವ ಎಣ್ಣೆ. ಕೈಗೆ ಬಟ್ಟೆ ಸುತ್ತಿಕೊಂಡು ಎರಡೂ ಮೈಗೆ ಎರಡೆರಡು ಸಲ ಬಳಿದಳು. ನಾನು ತಲೆಯಿಂದ ಕಾಲಿನವರೆಗೆ ಕಡುಕಂದು ಬಣ್ಣಕ್ಕೆ ತಿರುಗಿದೆ. ಕಪ್ಪು ಇಳಿದರೂ ಇನ್ನು ಯಾರ ಕಣ್ಣಿಗೂ ಕಾಣುವಂತಿರಲಿಲ್ಲ.

ಮುದುಕಿ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಮಳೆ ಬಿಟ್ಟ ಒಂದು ಮಧ್ಯಾಹ್ನ ಹಿತ್ತಿಲಿಗೆ ಬಂದು ನನ್ನ ಮುಂದೆ ಕೂತಳು. ಗೆರೆಗಳನ್ನು ಹುಡುಕಿದಳು, ಸಿಗಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಮೊಳೆಯ ತಲೆಯನ್ನು ಮುಟ್ಟುತ್ತಾ, ಜಪಸರದ ಮಣಿ ಎಣಿಸುವ ಹಾಗೆ ತುಟಿ ಅಲ್ಲಾಡಿಸಿದಳು. ಕೊನೆಯ ಮೊಳೆಗೆ ಬಂದಾಗ ಬೆರಳ ತುದಿ ಕಪ್ಪಾಗಿತ್ತು. ಅದನ್ನು ಸೆರಗಿಗೆ ಒರೆಸಿಕೊಳ್ಳದೆ ಮುಷ್ಟಿಯಲ್ಲಿ ಮುಚ್ಚಿಕೊಂಡು ಒಳಗೆ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಮ್ಮಿ ಎಲ್ಲವನ್ನೂ ನೋಡಿದ್ದಳು. ಅಂದಿನಿಂದ ಅವಳು ನನ್ನನ್ನು ತಿಕ್ಕಲಿಲ್ಲ. ಪೂಜೆಯ ಮಾತನ್ನೂ ಎತ್ತಲಿಲ್ಲ. ಪಾಪ, ಅವಳ ಅಳು ಬಾಕಿಯೇ ಉಳಿಯಿತು.

ವರ್ಷಗಳು ಹೋದವು. ಕಡಲ ಉಪ್ಪು, ಬಿಸಿಲು, ಮಳೆ ಎಲ್ಲ ನನ್ನ ಮೇಲೆ ಹಾದುಹೋದವು. ಆದರೆ ಆ ಗೇರೆಣ್ಣೆಯಿಂದಾಗಿ ಗೆದ್ದಲು ನನ್ನ ಹತ್ತಿರ ಬರಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಸೆವ್ರಿನ್‌ಬಾಯಿ ಏಳಲಿಲ್ಲ. ಬಂದ ಆಚಾರ್ರಿಗೂ ಈಗ ತಲೆ ನಡುಗುತ್ತಿತ್ತು. ಎಮ್ಮಿ ಅವರನ್ನು ನೇರ ಹಿತ್ತಿಲಿಗೆ ಕರೆತಂದು ನನ್ನನ್ನು ತೋರಿಸಿದಳು.

ಅವರು ಹಲಗೆಗಳನ್ನು ಬಿಚ್ಚಿ ನೆಲದ ಮೇಲೆ ಹಾಸಿದರು. "ಬಾಯಮ್ಮ ಗಿಡ್ಡ," ಎಂದರು. "ಒಂದ್ ಮೊಳ ಹೆಚ್ಚಾತ್ತ್. ಕೊಯ್ಯುಕಾ?"

ಗರಗಸದ ಹಲ್ಲು ನನಗೆ ತಾಗಿತ್ತು. ಎಮ್ಮಿ ಬಗ್ಗಿ ಅವರ ಕೈ ಹಿಡಿದಳು.

"ಬೇಡ ಆಚಾರ್ರೆ. ಅವ್ರಿಗೂ ಜಾಗ ಇರ್ಲಿ."

ಹೇಳಿದ ಮೇಲೆ ಅವಳು ಅಲ್ಲೇ ಮರಳ ಮೇಲೆ ಕೂತು ಬಾಯಿಬಿಟ್ಟು ಅತ್ತಳು. ಇಷ್ಟು ವರ್ಷ ನಾನು ಅವಳ ಬದಲಿಗೆ ಅತ್ತದ್ದೇನೋ ಎಂದು ನನಗೆ ಆಗ ಅನ್ನಿಸಿತು. ಆಚಾರ್ರು ಹೊಸ ಮೊಳೆ ತರುತ್ತೇನೆಂದರು. ಅವೇ ಸಾಕು ಎಂದಳು. ಆ ಸಂಜೆಯ ಪೂಜೆಯಲ್ಲಿ ಪಾದ್ರಿಗಳು ಎರಡು ಹೆಸರು ಓದಿದರು, ತಾಯಿಯದು ಮತ್ತು ಮಗನದು.

ಈಗ ನಾನು ಇಗರ್ಜಿಯ ಹಿಂದಿನ ಮರಳಿನೊಳಗೆ ಇದ್ದೇನೆ. ಕೊನೆಗೂ ನನ್ನನ್ನು ಮಾಡಿದ ಕೆಲಸಕ್ಕೇ ಸೇರಿದೆ. ಮೇಲೆ ಮಳೆ ಹೊಯ್ದಾಗ ಮೊಳೆಗಳ ಬುಡದಿಂದ ಕಪ್ಪು ನಿಧಾನವಾಗಿ ಇಳಿಯುತ್ತದೆ. ಇಲ್ಲಿ ಅದನ್ನು ತಿಕ್ಕುವವರೂ ಇಲ್ಲ, ತೋರಿಸುವವರೂ ಇಲ್ಲ. ಸೆವ್ರಿನ್‌ಬಾಯಿಯ ಕಾಲ ಕೆಳಗೆ ಆ ಒಂದು ಮೊಳ ಜಾಗ ಇನ್ನೂ ಖಾಲಿಯಿದೆ. ಪಡುಗಾಳಿಯ ಸಂಜೆಗಳಲ್ಲಿ ಮಾತ್ರ ಅಲ್ಲಿ ಯಾರೋ ಮುದುರಿ ಕೂತು ನನಗೆ ಬೆನ್ನು ಒರಗಿಸುತ್ತಾರೆ, ಈಗ ಒಳಗಿನಿಂದ.