ಕೈ ತೊಳೆಯುವ ನೀರು

ಹಡಗಿನವರು ಕೋವಿಗಳನ್ನು ದೋಣಿಯಲ್ಲೇ ಬಿಟ್ಟು ಬಂದಿದ್ದೇವೆ ಎಂದರು. ನದಿದಂಡೆಯ ಆ ಊರಿನ ಮುಖ್ಯಸ್ಥ ಕೆಕಟ ಹಾಕಿದ್ದ ಷರತ್ತೇ ಅದು. ತಾಮ್ರ ಕೊಟ್ಟು ಮುಸುಕಿನ ಜೋಳ ಒಯ್ಯಲಿ, ಕೋವಿ ಮಾತ್ರ ಊರೊಳಗೆ ಬರಕೂಡದು. ಆರು ಜನ ಗಡ್ಡದವರು ದಪ್ಪ ನಿಲುವಂಗಿ ಹೊದ್ದು ಚಾಪೆಯ ಮೇಲೆ ಸಾಲಾಗಿ ಕೂತರು. ಎದುರಿಗೆ ಊರಿನ ಗಂಡಸರು, ಬಿಲ್ಲುಗಳನ್ನು ಮನೆಯಲ್ಲಿಟ್ಟು ಬರಿಗೈಯಲ್ಲಿ.

ಕೆಕಟನ ಅಕ್ಕ ವಿನಟೋಸ್ಕೆಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಏನೋ ಮೂಗಿಗೆ ಬಡಿಯುತ್ತಿತ್ತು. ಒಲೆಯ ಹೊಗೆಯಲ್ಲ, ಹೊಗೆಸೊಪ್ಪಿನದೂ ಅಲ್ಲ. ಸುಡುವ ನಾರಿನ ಕಮಟು. ನಾರಿನ ಬತ್ತಿ ಹೊತ್ತಿರದೆ ಹಡಗಿನವರ ಕೋವಿ ಸಿಡಿಯುವುದಿಲ್ಲ. ಹೋದ ವಸಂತದಲ್ಲಿ ಮಗಳ ಊರಿನಲ್ಲಿ ಮೊದಲು ಬಂದದ್ದು ಇದೇ ವಾಸನೆ. ಈಗ ಆ ಊರೂ ಇಲ್ಲ, ಮಗಳೂ ಇಲ್ಲ.

ತಮ್ಮನನ್ನು ಪಕ್ಕಕ್ಕೆ ಕರೆದಳು. “ಬತ್ತಿ ಹೊತ್ತಿದೆ ಕಣೋ. ವಾಸನೆ ಬರ್ತಿಲ್ವಾ ನಿಂಗೆ?”

“ನಿಂಗೆ ಅವರನ್ನ ಕಂಡ್ರೇ ಆಗಲ್ಲ ಅಕ್ಕಾ. ಸ್ನಾನ ಕಾಣದ ಜನ, ವಾಸನೆ ಬರದೆ ಇರುತ್ತಾ? ಮನೆಗೆ ಬಂದೋರ ಬಟ್ಟೆ ತಡಕಾಡು ಅಂತೀಯಾ? ನಮ್ಮ ಮಾನ ಹೋಗುತ್ತೆ. ಹೋಗು, ಕೈಗೆ ನೀರು ಕೊಡು.”

ಬಟ್ಟೆ ತಡಕಾಡುವ ಹಾಗಿಲ್ಲ, ನಿಜ. ಆದರೆ ಊಟಕ್ಕೆ ಮುಂಚೆ ನೆಂಟರ ಎರಡೂ ಕೈಗೆ ನೀರೆರೆದು, ಒರೆಸಿಕೊಳ್ಳಲು ಹಕ್ಕಿಗರಿಯ ಕಟ್ಟು ಕೊಡುವುದು ಮನೆಯ ಹೆಂಗಸಿನ ಹಕ್ಕು. ವಿನಟೋಸ್ಕೆ ಇದ್ದುದರಲ್ಲೇ ದೊಡ್ಡ ಮರದ ಬೋಗುಣಿಯನ್ನು ತುಂಬಿಸಿ ತಂದಳು.

ಮೊದಲು ಕೂತಿದ್ದವನು ಅವರ ನಾಯಕ. ಇವರ ಮಾತು ಅಷ್ಟಿಷ್ಟು ಬಲ್ಲವನು. ಎರಡೂ ಕೈ ಒಡ್ಡಿದ. ಅವನ ಪಕ್ಕದ ಕೆಂಪುಗಡ್ಡದವನು ಎಡಗೈ ಮಾತ್ರ ಚಾಚಿದ.

“ಇನ್ನೊಂದು ಕೈ ಎಲ್ಲಪ್ಪಾ? ಹಡಗಲ್ಲೇ ಮರೆತು ಬಂದ್ಯಾ?” ಎಂದಳು ವಿನಟೋಸ್ಕೆ.

ಊರಿನವರು ನಕ್ಕರು. ಕೆಂಪುಗಡ್ಡದವನೂ ಹಲ್ಲು ಕಿರಿದ, ಕೈ ಮಾತ್ರ ಹೊರಗೆ ಬರಲಿಲ್ಲ.

“ಅವನ ಕೈ ಗಾಯ,” ಎಂದ ನಾಯಕ.

“ಅಯ್ಯೋ ಪಾಪ! ಗಾಯ ಅಂದ್ಮೇಲೆ ತೊಳೀಲೇಬೇಕು,” ಎಂದವಳೇ ಬೋಗುಣಿಯನ್ನು ಅವನ ಮಡಿಲಿಗೆ ಮಗುಚಿದಳು.

ಚುಂಯ್ ಎಂದಿತು. ನಿಲುವಂಗಿಯ ಕತ್ತಿನಿಂದ ಹೊಗೆ ಎದ್ದಿತು. ಅವನು ಹಾರಿ ಎದ್ದಾಗ ಮೊಟಕು ಕೋವಿಯೊಂದು ಚಾಪೆಯ ಮೇಲೆ ಬಿತ್ತು. ನಗು ಅಲ್ಲಿಗೇ ನಿಂತಿತು.

ಕೆಕಟನ ಮುಖ ಬಿಳುಚಿಕೊಂಡಿತು. ದನಿ ಮಾತ್ರ ಏರಲಿಲ್ಲ. “ಅಕ್ಕಾ, ಇನ್ನಷ್ಟು ನೀರು ತಾ. ಉಳಿದೋರಿಗೂ ಕೈ ತೊಳೆಸ್ಬೇಕಲ್ಲ.”

ಅಷ್ಟರಲ್ಲಿ ಊರಿನ ಗಂಡಸರು ಒಬ್ಬೊಬ್ಬ ನೆಂಟನ ಬೆನ್ನ ಹಿಂದೆಯೂ ಇಬ್ಬಿಬ್ಬರಂತೆ ಕೂತು ಭುಜ ಹಿಡಿದಿದ್ದರು. ಮತ್ತೆ ಮೂರು ಮಡಿಲುಗಳಲ್ಲಿ ಚುಂಯ್ ಎಂದಿತು. ಕೊನೆಯವನು ತಾನಾಗಿಯೇ ಎರಡೂ ಕೈ ಒಡ್ಡಿದ. ಬರಿಗೈ. ಅವಳು ಅದನ್ನು ತೊಳೆದು ಗರಿ ಕೊಟ್ಟಳು.

ಬೋಗುಣಿ ಬರಿದಾಯಿತು. ವಾಸನೆ ಹೋಗಲಿಲ್ಲ. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು, ಜೊಂಡಿನಾಚೆ ದೋಣಿ ನಿಂತ ಕಡೆಯಿಂದ. ನಾಯಕನೂ ಮತ್ತೆ ಮತ್ತೆ ಅತ್ತಲೇ ನೋಡುತ್ತಿದ್ದ. ದೋಣಿಯಲ್ಲಿ ಇನ್ನೂ ಜನರಿದ್ದಾರೆ, ಅವರ ಬತ್ತಿಗಳೂ ಹೊತ್ತಿವೆ ಎಂದು ವಿನಟೋಸ್ಕೆಗೆ ಹೊಳೆಯಿತು.

“ನೆಂಟರಿಗೆ ಬಡಿಸೋಕೆ ಬಾಮ್ಮಾ!” ಎಂದು ಸೊಸೆಯನ್ನು ಕೂಗಿ ಕರೆದಳು. ಹತ್ತಿರ ಬಂದವಳ ಕಿವಿಯಲ್ಲಿ ಉಸುರಿದಳು: “ಮಕ್ಕಳನ್ನೂ ಬಿತ್ತನೆ ಜೋಳಾನೂ ಜೌಗಿನ ಕಡೆ ಸಾಗ್ಸು. ಒಲೆ ಆರಿಸ್ಬೇಡ. ಎಲ್ಲರೂ ಮನೇಲೇ ಇದ್ದಾರೆ ಅಂತ ದೋಣೀಲಿರೋರು ಅಂದ್ಕೊಳ್ಳಲಿ.”

“ನೀವು, ಅತ್ತೆ?”

ವಿನಟೋಸ್ಕೆ ಜಿಂಕೆ ಮಾಂಸದ ತಟ್ಟೆ ಎತ್ತಿಕೊಂಡು ನಾಯಕನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

“ಉಣ್ಣಪ್ಪಾ,” ಎಂದಳು. “ಅವಸರ ಏನಿಲ್ಲ. ನಿಧಾನಕ್ಕೆ ಉಣ್ಣು.”