ಒಂದು ಡಬ್ಬಿ ರವೆಉಂಡೆ

ಹೊಸ ಕೆಲಸಕ್ಕೆ ಬರಿಗೈಲಿ ಹೋಗಬಾರದೆಂದು ಕೋಗಿಲಿನ ಮುನಿಕೃಷ್ಣಮ್ಮ ಮೊಮ್ಮಗಳು ಮೋನಿಷಾಳಿಗೆ ಡಬ್ಬಿ ತುಂಬ ರವೆಉಂಡೆ ಕಟ್ಟಿಕೊಟ್ಟಿದ್ದಳು. ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆ. ಅದರ ಸುದ್ದಿಯನ್ನು ಜಗತ್ತಿಗೆಲ್ಲ ಮುಟ್ಟಿಸುವುದು ಅವಳ ಕೆಲಸ. ಹೆಬ್ಬಾಳದ ಆಫೀಸಿಗೆ ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ! ಜೊತೆಗಾರರೆಲ್ಲ ಜಿನೀವಾದಲ್ಲಿ, ನೈರೋಬಿಯಲ್ಲಿ. ಲ್ಯಾಪ್‌ಟಾಪಿನೊಳಗಿಂದಲೇ ಕೈಬೀಸಿ, "ವೆಲ್ಕಮ್" ಅಂದು, ಒಬ್ಬೊಬ್ಬರಾಗಿ ಮಾಯವಾದರು. ಉಂಡೆಯ ಫೋಟೋ ಗ್ರೂಪಿಗೆ ಹಾಕಿದಳು. ಹಾರ್ಟುಗಳು ಬಂದವು, ಉಂಡೆ ಹಾಗೇ ಉಳಿದವು.

ತುಂಬಿದ ಡಬ್ಬಿಯನ್ನು ಮನೆಗೆ ವಾಪಸ್ ಒಯ್ಯುವುದುಂಟೇ? ಸಂಜೆ ಬಸ್‌ಸ್ಟಾಪಿನಲ್ಲಿ ಸಿಕ್ಕಸಿಕ್ಕವರಿಗೆ ಹಂಚಿದಳು. ಏನು ವಿಶೇಷ ಅಂತ ಒಬ್ಬರೂ ಕೇಳಲಿಲ್ಲ.

"ಎಲ್ಲಾರ್ಗೂ ಸಾಕಾಯ್ತೇನವ್ವಾ?" ಅಜ್ಜಿ ಬಾಗಿಲಲ್ಲೇ ಕೇಳಿದಳು.

"ಸಾಲ್ದೇ ಹೋಯ್ತಜ್ಜಿ."

ಅಜ್ಜಿಯ ಮುಖ ಊರಗಲವಾಯಿತು. "ಅಂಗಾದ್ರೆ ನಾಳೆ ಎರಡು ಡಬ್ಬಿ ತಗೊಂಡೋಗು," ಎಂದು ಬಾಣಲೆಯನ್ನು ಒಲೆಗಿಟ್ಟಳು.